ಉಳ್ಳಾಗಡ್ಡಿ ಇಲ್ಲದ ತಾಟು

ಕಾತ್ರಜ ಬಸ್‌ಸ್ಟಾಪಿನ ಮರಾಠಿ ಗದ್ದಲದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಸಿಂಧೂರ ಫೋನಿನಿಂದ ತಲೆಯೆತ್ತಿದಳು. ಮುಂದೆ ನಿಂತಿದ್ದ ತಾಯಿ, ಮಗ ಕೊಂಢವಾ ಬಡಾವಣೆಯ ಥಾಯ್ ಹೋಟೆಲಿನಲ್ಲಿ ಉಂಡು ಬಂದಿದ್ದರೆಂದು ಮಾತಿನಿಂದಲೇ ತಿಳಿಯಿತು.

"ಮಹೇಶಾ, ಆ ಹೋಟೆಲಿನಾಗ ಅಪ್ಪ ಅಡಿಗಿ ಮಾಡ್ತಾನ, ಅವ್ವ ನೀಡ್ತಾಳ. ಅವರ ಮಗಳು ಯಾಕ ನನ್ನ ಬಾಜೂಕ ನಿಂತಿದ್ಲು?"

"ಭಾಳ ಪ್ರೀತಿ ಮಂದಿ ಅವ್ವಾ."

"ನಿನ್ನ ತಾಟಿನಾಗ ಉಳ್ಳಾಗಡ್ಡಿ ಇತ್ತು. ನನ್ನ ತಾಟಿನಾಗ ಇರ್ಲಿಲ್ಲ."

"ಮರ್ತಿರಬೇಕು."

"ಬಳ್ಳೊಳ್ಳೀನೂ ಮರ್ತ್ರೇನು? ಸೋಮವಾರ ನಾ ಅವೆರಡೂ ತಿನ್ನಂಗಿಲ್ಲ ಅಂತ ಆ ಹುಡುಗಿಗೆ ಯಾರು ಹೇಳಿದ್ರು?"

ಮಗ ರಸ್ತೆ ನೋಡಿದ. ಬಸ್ಸು ಬಂತು. ತಾಯಿ ಸೆರಗು ಸಿಗಿಸಿಕೊಂಡು ಮೆಟ್ಟಿಲ ಮೇಲೆ ಕಾಲಿಟ್ಟಳು.

"ಆಕಿ ಏನು ತಿನ್ನಂಗಿಲ್ಲ?"

"ಬದ್ನಿಕಾಯಿ," ಅಂದುಬಿಟ್ಟ ಮಗ.

ತಾಯಿ ತಿರುಗಿ ಅವನನ್ನೇ ನೋಡಿದಳು.

"ಐತವಾರ ಊಟಕ್ಕ ಕರಿ. ಬದ್ನಿಕಾಯಿ ಮಾಡಂಗಿಲ್ಲ."