ಹುಲ್ಲು ತುಂಬಿದ ಗಾಲಿ

ಅಲ್ಲ, ಪಂಚರ್ ಆತಂದ್ರ ಫುಟ್‌ಪಾತಿನ ಮ್ಯಾಲ ಕುಂತು ಫೋನ್ ಒತ್ತೋದು ಯಾವ ಶಾಣ್ಯಾತನ ಅಂತೀನಿ ನಾ! ಈ ಶಹರದ ಮಂದಿ ಇಷ್ಟ ನೋಡು, ಗಾಲಿಯೊಳಗಿನ ಗಾಳಿ ಹೋದ್ರ ಇವರ ಜೀವಾನ ಹೋಗತೈತಿ. ನಗಬ್ಯಾಡ್ರಲೇ, ಕೇಳ್ರಿ. ನಿಮ್ಮ ಈ ಮಾವ ಹೊಸದಾಗಿ ಹೈದರಾಬಾದಿಗೆ ಬಂದಾಗ ಬೈಕ್ ಎಲ್ಲೀದು, ಹಳೇ ಸೈಕಲ್ಲು, ಅದಕ್ಕ ಬ್ರೇಕೂ ಅರ್ಧಾನ. ಲಿಂಗಂಪಲ್ಲಿ ಖೋಲಿಯಿಂದ ಪಟಾನ್‌ಚೆರು ಔಷಧ ಫ್ಯಾಕ್ಟರಿತನಕ ದಿನಾ ತುಳೀತಿದ್ನಿ. ಬಸ್ಸಿನ್ಯಾಗ ಜೋತಾಡೋ ಮಂದಿ ನನ್ನ ನೋಡಿ ಅಯ್ಯೋ ಪಾಪ ಅಂತಿದ್ರು, ನಾ ಅವರನ್ನ ನೋಡಿ ಅಂತಿದ್ನಿ. ನೌಕರಿ ಇನ್ನಾ ಕಾಯಂ ಆಗಿರಲಿಲ್ಲ, ತಿಳೀತೇನು? ಸೂಪರ್‌ವೈಜರ್ ಮೊದಲ ಹೇಳಿದ್ದ, ಪಾಳಿ ಶುರುವಾಗೋ ಭೋಂಗಾ ಊದೂದರಾಗ ಗೇಟ್ ಮುಚ್ಚತೈತಿ, ಹೊರಗ ಉಳಿದಾವ ನಾಳಿಂದ ಬರೋದು ಬ್ಯಾಡ ಅಂತ. ಮತ್ತ ನಾ ಊರಾಗ ಏನ್ ಹೇಳಿ ಬಂದಿದ್ನಿ? ಇನ್ನ ನನ್ನ ಮಾರಿ ನೋಡಬೇಕಂದ್ರ ಹೈದರಾಬಾದಿಗೇ ಬರ್ರಿ ಅಂತ, ಚಾದಂಗಡ್ಯಾಗ ಎಲ್ಲಾರ ಮುಂದ! ವಾಪಸ್ ಹೋಗಿ ಯಾವ ಮಾರಿ ತೋರಿಸ್ಲಿ?

ಒಂದಿನ ಮುಂಜಾನೆ, ಮಳಿ ಬಂದಿತ್ತು, ಅಲ್ಲಲ್ಲ, ಮಳಿ ಹಿಂದಿನ ದಿನ ಬಂದಿತ್ತು, ಫ್ಯಾಕ್ಟರಿ ಇನ್ನಾ ದೂರ ಐತಿ, ಹಿಂದಿನ ಗಾಲಿ ಫುಸ್ ಅಂತು. ನೋಡಿದ್ರ ಇಷ್ಟುದ್ದ ಮೊಳಿ. ಬಾಜೂಕ ಪಂಚರ್ ಅಂಗಡಿ, ಗಿಡಕ್ಕ ಟಯರ್ ತೂಗ ಹಾಕ್ಯಾನ, ಮನಶ್ಯಾ ಇಲ್ಲ. ಬೋರ್ಡಿನ ಮ್ಯಾಲಿನ ನಂಬರಿಗೆ ಫೋನ್ ಹಚ್ಚಿದ್ರ, "ಚಾಯ್ ಪೀಕೆ ಆತೌಂ ಭಾಯ್" ಅಂದ. ಹೈದರಾಬಾದಿನ್ಯಾಗ ಚಾ ಕುಡಿದು ಬರ್ತೀನಿ ಅಂದ್ರ ಹೊತ್ತು ಮುಣಗಿತು ಅಂತ ತಿಳ್ಕೋರಿ. ಅಷ್ಟರಾಗ ಗೇರ್ ಸೈಕಲ್ಲಿನ ಸಾಹೇಬ ಒಬ್ಬ ಬಂದ, ತಲಿಗೆ ಟೊಪ್ಪಿಗಿ, ಕೈಗೆ ಗ್ಲೌಸ್, ಮೈಗಂಟಿದ ಚಡ್ಡಿ. "ಬ್ರದರ್, ಸೈಕಲ್ ಇಲ್ಲೇ ಬಿಟ್ಟು ಆಟೋ ಬುಕ್ ಮಾಡು" ಅಂದ. ಅವನಪ್ಪ ಕಳಸಿದ್ದ ನೋಡು ಆಟೋ! ಬುತ್ತಿ ಡಬ್ಬಿಯಿಂದ ಚಮಚ ತಗದೆ, ಅದರ ಹಿಡಿಕಿಲೆ ಟಯರಿನ ಒಂದು ಅಂಚು ಎತ್ತಿದೆ, ರೋಡಿನ ದಂಡಿಗೆ ಬೆಳೆದಿದ್ದ ಹುಲ್ಲು ಕೀಳಾಕ ಹತ್ತಿದೆ. ನಮ್ಮೂರಾಗ ಹೊಲದ ಹಾದ್ಯಾಗ ಪಂಚರ್ ಆದ್ರ ಟಯರಿನ್ಯಾಗ ಹುಲ್ಲು ತುಂಬೋದ ರಿಪೇರಿ. ಸಾಹೇಬ ಫೋನ್ ತಗದು ವಿಡಿಯೋ ಮಾಡಾಕತ್ತಿದ್ದ. "ಏ, ಅದನ್ನ ಕಿಸೇದಾಗ ಇಡು, ಹುಲ್ಲು ಕಿತ್ತು ಕೊಡು" ಅಂದೆ. ಏನ್ ಹೇಳಲೋ, ಗ್ಲೌಸ್ ಹಾಕ್ಕೊಂಡಾವ ತುದಿ ಹಿಡಿದು ಎಳೀತಾನ! ಬುಡ ಹಿಡೀಬೇಕು ಅಂತ ನಾ ಕಲಿಸಬೇಕಾತು. ಹಂಗ ತುರುಕಿದ್ರ ಒಂದ ಕಡೆ ಗಂಟು ಕಟ್ಟತೈತಿ, ಅದಕ್ಕ ಹುಲ್ಲನ್ನ ಹಗ್ಗದಂಗ ಹೊಸೆದು, ಪಂಚರ್ ಆದ ಟ್ಯೂಬಿನ ಸುತ್ತ ಒತ್ತಿ ತುಂಬಬೇಕು. ತುಂಬಿದೆ, ಅಂಚು ಕೂಡಿಸಿದೆ, ಹತ್ತಿದೆ. ಟಡಕ್ ಟಡಕ್ ಅಂತ ಕುಂಡಿ ಮುರೀತು, ಆದ್ರ ಗಾಲಿ ತಿರಿಗಿತು!

ಗೇಟಿನ ಒಂದು ಬಾಗಿಲಾ ಮುಚ್ಚಿತ್ತು, ಇನ್ನೊಂದಕ್ಕ ವಾಚ್‌ಮನ್ ಕೈ ಹಚ್ಚಿದ್ದ. ನಾ ಇಳೀಲಾರದ ನುಗ್ಗಿದೆ. ಹಿಂದ ಭೋಂಗಾ ಊದಿತು. ಟಯರಿನ ಸಂದಿಯಿಂದ ಹುಲ್ಲು ಹೊರಗ ಇಣಕಾಕತ್ತಿತ್ತು, ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಸೂಪರ್‌ವೈಜರ್ ಬಂದ. "ಏಂಟ್ರಾ ಇದಿ? ಸೈಕಲ್ಲಿಗೆ ಮೇವು ಹಾಕೀಯೇನು?"

"ಹೌದ್ರಿ ಸರ್. ನಿಮ್ಮ ಗಾಡಿ ಪೆಟ್ರೋಲ್ ಕುಡೀತೈತಿ, ನಂದು ಹುಲ್ಲು ತಿಂತೈತಿ. ಎರಡೂ ಗೇಟಿನ ಒಳಗ ಅದಾವಲ್ರಿ."

ಅವ ಪುಸ್ತಕ ತಗದು ಹಾಜರಿ ಹಾಕಿದ, ನಾ ಮಷೀನಿಗೆ ಹೋದೆ. ನಕ್ಕೋರೂ ನನ್ನ ಹಿಂದ ಬಂದ್ರು, ಹೋಗತಾರೆಲ್ಲಿ. ತಿಳ್ಕೋರಿ, ನಾಲ್ಕು ಮಂದಿ ನಗತಾರಂತ ಗಾಲಿ ನಿಲ್ಲಸಬ್ಯಾಡ್ರಿ, ನಗೋರು ಯಾರೂ ನಿಮ್ಮ ಹಾಜರಿ ಹಾಕೂದಿಲ್ಲ.