ಬೀಜ ಬಿದ್ದಾಯ್ತಾ, ಟೀಚರ್?

ಇದು ಬಿಕರ್ನಕಟ್ಟೆಯ ಜೆಸ್ಸಿ ಟೀಚರಿಗೆ ಆದದ್ದು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವರು. ಇಲ್ಲದ್ದನ್ನು ಕಟ್ಟಿ ಹೇಳುವ ಹೆಂಗಸಲ್ಲ.

ಹೋದ ವರ್ಷದ ನವೆಂಬರ್. ಬಿಜೈಯ ತಂಗಿ ಮನೆಗೆ ಹೋಗಿದ್ದವರು ಕೊನೆಯ ಸಿಟಿ ಬಸ್ಸಿನಿಂದ ಇಳಿದಾಗ ಒಂಬತ್ತೂವರೆ ದಾಟಿತ್ತು. ಅಲ್ಲಿಂದ ಮನೆಗೆ ಹತ್ತು ನಿಮಿಷದ ನಡಿಗೆ. ದಾರಿಯಲ್ಲೊಂದು ಹಳೆ ಬಾವಿ, ಬಾಯಿಗೆ ಕಬ್ಬಿಣದ ಬಲೆ ಹಾಕಿದ್ದು. ಬಾವಿ ದಾಟಿದರೆ ರಸ್ತೆ ಬದಿಗೆ ಉದ್ದಕ್ಕೂ ಒಂದು ಹುಲ್ಲಿನ ಪಟ್ಟಿ. ಅಗಲ ಎಂದರೆ ನಾಲ್ಕು ಹೆಜ್ಜೆ.

ಆ ನಾಲ್ಕು ಹೆಜ್ಜೆಯಲ್ಲಿ ತುಂಬೆ ಇತ್ತು, ಗೌರಿ ಹೂ ಇತ್ತು, ಗಿಲಿಗಿಚ್ಚಿ ಇತ್ತು... ಒಣಗಿದ ಕಾಯಿ ಅಲ್ಲಾಡಿದರೆ ಒಳಗಿನ ಬೀಜ ಗಿಲಗಿಲ ಅನ್ನುತ್ತದಲ್ಲ, ಅದೇ. ಸುತ್ತ ಎಲ್ಲ ಕಡೆ ನೆಲಕ್ಕೆ ಇಂಟರ್‌ಲಾಕ್ ಕಲ್ಲು ಬಿದ್ದ ಮೇಲೆ ಊರಿನ ಗಿಡಗಳು ಉಳಿದದ್ದು ಅಲ್ಲಿ ಮಾತ್ರ. ಉಳಿಸಿದವನು ಲೋಕಯ್ಯ, ರಸ್ತೆ ಬದಿ ಹುಲ್ಲು ಕೊಯ್ಯುವ ಕೂಲಿಯವ. "ಬೀಜ ನೆಲಕ್ಕೆ ಬಿದ್ದ ಮೇಲೆ ಕೊಯ್ದರೆ ಸಾಕು" ಎಂದು ಟೀಚರ್ ಒಮ್ಮೆ ಹೇಳಿದ್ದರು. ಆರು ವರ್ಷ ಅವನು ಹಾಗೆಯೇ ಮಾಡಿದ. ಒಂದಷ್ಟು ಬೀಜವನ್ನು ಟೀಚರ್ ಆರಿಸಿ, ಒಣಗಿಸಿ, ಕಾಲೇಜಿನ ಕಪಾಟಿನಲ್ಲಿ ಕಾಪಿಡುತ್ತಿದ್ದರು.

ಅಕ್ಟೋಬರಿನಲ್ಲಿ ಅವರು ಲೋಕಯ್ಯನ ಕೈಗೆ ಇಪ್ಪತ್ತು ಬಿದಿರಿನ ಕೋಲು ಕೊಟ್ಟರು. ಗುರುತಿಗೆ ನೆಡಿ, ಬೇರೆಯವರು ಕೊಯ್ಯುವುದು ಬೇಡ ಎಂದು. ಒಂಬತ್ತನೆಯ ಕೋಲು ನೆಡುವಾಗ ಲಾರಿ ಬಂದು ಬಡಿಯಿತು.

ಅಲ್ಲಿಂದ ಮೇಲೆ ಟೀಚರಿಗೆ ಏನೂ ಅನಿಸುತ್ತಿರಲಿಲ್ಲ. ಅಳು ಬರಲಿಲ್ಲ. ಲೋಕಯ್ಯನ ಹದಿಮೂರನೆಯ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಹೋದರು, ಎಲೆಗೆ ಬಡಿಸಿದ್ದನ್ನೆಲ್ಲ ಉಂಡರು, ರುಚಿ ಗೊತ್ತಾಗಲಿಲ್ಲ. ಹೊಸ ಕಂಟ್ರಾಕ್ಟರ್ ಗುರುವಾರ ಹುಲ್ಲು ಕೊಯ್ಯುವ ಮಿಷನ್ ತಂದು ಪಟ್ಟಿ ಪೂರ್ತಿ ಬೋಳಿಸುತ್ತಾನಂತೆ ಎಂದು ಕೇಳಿದಾಗಲೂ "ಆಯ್ತು" ಎಂದರು. ಅಷ್ಟೇ.

ಇದು ಬುಧವಾರ ರಾತ್ರಿ.

ಬಾವಿ ದಾಟಿದರು. ಸರಕ್... ಸರಕ್... ಹುಲ್ಲಿಗೆ ಕತ್ತಿ ಹಾಕುವ ಸದ್ದು. ನಡುವೆ ಒಮ್ಮೆ ಕಲ್ಲಿಗೆ ತಾಗಿ... ಟಿಣ್.

ಲೋಕಯ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಬೆನ್ನು ಈ ಕಡೆಗೆ.

ಸತ್ತವನೆಂದು ಟೀಚರಿಗೆ ಗೊತ್ತು. ಹೆದರಿಕೆ ಬರಬೇಕಿತ್ತು. ಅದೂ ಬರಲಿಲ್ಲ.

"ಬೀಜ ಬಿದ್ದಾಯ್ತಾ, ಟೀಚರ್?" ತಿರುಗದೆ ಕೇಳಿದ. ಪಿಸುದನಿ.

"ಇಲ್ಲ ಲೋಕಯ್ಯಣ್ಣ. ಅರ್ಧ ಮಾತ್ರ ಮಾಗಿದ್ದು."

"ನಾಳೆ ಮಿಷನ್ ಉಂಟಲ್ಲ?"

"ಉಂಟು."

"ಮತ್ತೆ ಎಂತ ಮಾಡುವುದು?"

ಟೀಚರ್ ಪಟ್ಟಿಯ ಅಂಚಿಗೆ ಬಂದು ನಿಂತರು.

"ಸೆರಗು ಹಿಡೀರಿ," ಅಂದ. "ಮಾಗಿದ್ದು ಕೊಯ್ದು ಕೊಡ್ತೇನೆ."

ಹಿಡಿದರು. ಕೈ ಕಾಣಿಸಲಿಲ್ಲ... ಸೆರಗಿನಲ್ಲಿ ಭಾರ ಮಾತ್ರ ಹೆಚ್ಚುತ್ತಾ ಹೋಯಿತು. ಗಿಲಗಿಲ... ಗಿಲಗಿಲ... ರಸ್ತೆಯಲ್ಲಿ ಆಗೊಮ್ಮೆ ಈಗೊಮ್ಮೆ ಲಾರಿ. ದೂರದಲ್ಲಿ ಅದರ ಬೆಳಕು ಕಂಡ ಕೂಡಲೇ ಕತ್ತಿ ನಿಲ್ಲುತ್ತಿತ್ತು. ಲಾರಿ ಪೂರ್ತಿ ದಾಟಿ, ಸದ್ದು ಅಡಗಿ, ಮತ್ತೂ ಸ್ವಲ್ಪ ಹೊತ್ತು ಕಳೆದ ಮೇಲೆ... ಸರಕ್.

ಮೂರನೆಯ ಲಾರಿ ಹೋದ ಮೇಲೆ ಟೀಚರ್ ಹೇಳಿದರು. "ಆ ದಿನ ನಾನು ನಿಮ್ಮನ್ನು ಕೋಲು ಕೊಟ್ಟು ಕಳಿಸಬಾರದಿತ್ತು."

ಕತ್ತಿ ಮತ್ತೆ ಹುಲ್ಲಿಗೆ ಬಿತ್ತು. ಸರಕ್... ಸರಕ್...

"ಸೆರಗು ಸರಿ ಹಿಡೀರಿ ಟೀಚರ್. ಚೆಲ್ತಾ ಉಂಟು."

ಕೊನೆಗೆ "ಮನೆಗೆ ಹೋಗಿ. ಮಂಜು ಬೀಳ್ತದೆ" ಎಂದದ್ದು ಕೇಳಿಸಿತು. ಅವರು ಹೋದರು. ಹಿಂದೆ ನೋಡಲಿಲ್ಲ. ಹೆದರಿ ಅಲ್ಲ, ನೋಡಬೇಕು ಅನಿಸಲಿಲ್ಲ.

ಬೆಳಿಗ್ಗೆ ಏಳಕ್ಕೆ ಮಿಷನ್ ಬಂತು. ಓಡಿಸುವವನು ರಾಝಿಕ್ ಎಂಬ ಹುಡುಗ. ಟೀಚರನ್ನು ನೋಡಿ ಅವನೇ ಹೇಳಿದ: "ಇಲ್ಲಿ ಯಾರೋ ರಾತ್ರಿ ಕೊಯ್ದಿದ್ದಾರೆ ಟೀಚರ್. ಒಳ್ಳೆ ಕೈ ಮಾರಾಯ್ರೆ. ಹಸಿರು ಇದ್ದದ್ದು ಒಂದನ್ನೂ ಮುಟ್ಟಿಲ್ಲ."

"ಹದಿನೈದು ದಿನ ಬಿಡ್ಲಿಕ್ಕೆ ಆಗ್ತದಾ?" ಟೀಚರ್ ಕೇಳಿದರು. ಆ ತಿಂಗಳಲ್ಲಿ ಅವರು ಯಾರನ್ನಾದರೂ ಏನಾದರೂ ಕೇಳಿದ್ದು ಅದೇ ಮೊದಲು.

"ನನ್ನ ಕೈಲಿ ಇಲ್ಲ ಟೀಚರ್," ಎಂದ ರಾಝಿಕ್. ನೆಲ ನೋಡುತ್ತಾ ಮಿಷನ್ ಶುರು ಮಾಡುವ ಹಗ್ಗ ಎಳೆದ. ಘರ್ರ್...

ಹತ್ತು ಗಂಟೆಗೆ ಪಟ್ಟಿ ಬೋಳಾಗಿತ್ತು.

ಮಧ್ಯಾಹ್ನ ಅವರು ಲ್ಯಾಬಿನ ಮೇಜಿಗೆ ಪೇಪರು ಹಾಸಿ ಬೀಜ ಬೇರೆ ಮಾಡಿದರು. ತುಂಬೆ. ಗೌರಿ ಹೂ. ಗಿಲಿಗಿಚ್ಚಿ. ಎಲ್ಲದರ ಅಡಿಯಲ್ಲಿ ಒಂದು ಹಿಡಿ ಬೇರೆ ಬೀಜ ಇತ್ತು. ಕಪ್ಪು, ಚಪ್ಪಟೆ, ಅಂಚಿಗೆ ಸಣ್ಣ ರೋಮ. ಆ ಪಟ್ಟಿಯಲ್ಲಿ ಅಂಥ ಗಿಡ ಇರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ. ಪುಸ್ತಕ ತೆಗೆದು ನೋಡಿದರು, ತಿಳಿದವರಿಗೆ ಫೋಟೋ ಕಳಿಸಿದರು. ಇಂಥದ್ದು ಎಂದು ಯಾರೂ ಹೇಳಲಿಲ್ಲ.

ಈ ಜೂನಿನ ಮಳೆಗೆ ಬಿತ್ತಿದರು. ಏಳು ಮೊಳೆತವು. ಒಂದನ್ನು ಮನೆ ಮೆಟ್ಟಿಲ ಪಕ್ಕ ಕುಂಡದಲ್ಲಿ ಇಟ್ಟಿದ್ದಾರೆ. ಮೊಣಕಾಲೆತ್ತರ ಬಂದಿದೆ, ಹೆಸರು ಇಲ್ಲ. ಸುಳ್ಳು ಅನಿಸಿದರೆ ಹೋಗಿ ನೋಡಿ, ಗೇಟಿಗೆ ಬೀಗ ಹಾಕುವುದಿಲ್ಲ ಅವರು. ಮೊನ್ನೆ ಮೊಗ್ಗು ಬಿಟ್ಟಿದೆ.