ಬೂರುಗದ ಅರಳೆಯ ದಿಂಬು

ಬೂರುಗದ ಕಾಯಿ ಒಡೆಯುವ ಬೇಸಿಗೆ. ನಜರ್‌ಬಾದಿನ ಹಾಸಿಗೆ ಅಂಗಡಿಯಲ್ಲಿ ಸಾಬರು ಅರಳೆ ಹಿಂಜುತ್ತಿದ್ದರು. ನನ್ನ ಹಾಸಿಗೆಗಾಗಿ ಕಾದು ಕುಳಿತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರಿದ್ದರು.

“ಅತ್ತಿಗೆ, ನಿಮ್ಮ ಪೌಲ ಹೋಗ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತಿಂಗಳಾಯ್ತು. ನಾಳೆ ಸತ್ತವರ ಪೂಜೆ ಇಡಿಸ್ಬುಡೋಣ.”

“ಯಾಕೆ ಬಿತ್ತಂತೆ ಕ್ಲಾರಾ?”

“ಯಾರಿಗೂ ಗೊತ್ತಿಲ್ವಂತೆ.”

“ಕೆಲಸಕ್ಕಿದ್ದ ಮನೆಯ ಇಂಗ್ಲಿಷ್ ದೊರೆ ಜೊತೆ ಹೊರಡೋವಾಗ ಹೇಳಿದ್ದ ಕಣೆ. ವಿಮಾನದಲ್ಲಿ ಎಲ್ರಿಗೂ ತೇಲೋ ಅಂಗಿ ಇರ್ತದೆ, ಒಳಗೆ ನಮ್ಮ ಬೂರುಗದ ಅರಳೇನೇ. ದಿಂಬನ್ನ ಎದೆಗೆ ಕಟ್ಕೊಂಡಂಗೆ, ಹೆದರ್ಬೇಡವ್ವ ಅಂದ.”

“ಆ ಅಂಗಿಗಳು ಸಿಕ್ಕಿವೆ ಅತ್ತಿಗೆ.”

“ನೋಡಿದ್ಯಾ ಮತ್ತೆ. ಅದು ಮುಳುಗಲ್ಲ.”

“ಎಲ್ಲಾ ಒಂದೇ ಮೂಟೇಲಿ ತೇಲ್ತಿದ್ವಂತೆ. ಕಟ್ಟಿದ ಹಗ್ಗಾನೂ ಯಾರೂ ಬಿಚ್ಚಿರಲಿಲ್ಲ.”

 ಹಿಂಜುವ ಬಿಲ್ಲಿನಿಂದ ಹಾರಿ ಬಂದ ಅರಳೆಯ ಎಳೆಯೊಂದನ್ನು ಆಕೆ ಸೆರಗಿನಿಂದ ಹೆಕ್ಕಿದರು.

“ಕಟ್ಕೊಳ್ಳೋಕೂ ಪುರುಸೊತ್ತು ಸಿಕ್ಕಿಲ್ಲ ಮಗೀಗೆ.”

“ಹೂಂ.”

ಸಾಬರು ಹೊಸ ದಿಂಬನ್ನು ತಂದು ಕೊಟ್ಟರು.

“ತಗೊಳ್ಳಿ ಅಮ್ಮ, ಮಗನಿಗೆ ಅಂತ ಹೇಳಿದ್ರಲ್ಲ. ಯಾವಾಗ ಬರ್ತಾನೆ, ಮದುವೆಗಾ?”

“ಬರಲ್ಲ ಸಾಬರೇ. ಅವನ ದೇಹಾನೂ ಸಿಕ್ಕಿಲ್ಲ, ನಾಳೆ ಚರ್ಚಲ್ಲಿ ಖಾಲಿ ಶವಪೆಟ್ಟಿಗೆ ಇಡ್ತೀವಿ. ಅದರೊಳಗೆ ಹಾಕೋಕಾಯ್ತು.”

ದಿಂಬನ್ನು ಎರಡು ಕೈಯಲ್ಲೂ ಎದೆಗೆ ಅವುಚಿಕೊಂಡು ಆಕೆ ಎದ್ದರು. ಕ್ಲಾರಾ ಹಿಂದೆಯೇ ಬಿಸಿಲಿಗಿಳಿದಳು.